ಬೇಚರಾಕ್

ಹಳೆ ಮೈಸೂರಿನ ಕಂದಾಯ ದಾಖಲೆಗಳಲ್ಲಿ ಕೆಲವು ಊರುಗಳ ಹೆಸರಿನ ಜೊತೆ ‘ಬೇಚರಾಕ್’ ಎಂದು ಬರೆದಿರುತ್ತದೆ. ಮುಳಬಾಗಿಲು ಸೀಮೆಯ ರೈತರಿಗೂ ಇದು ಪರಿಚಿತ ಪದ. ಪಾರಸಿಯ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಬೇಚರಾಕ್. ಜಮಾಬಂದಿ, ತಹಶೀಲ್ದಾರ್ ಮುಂತಾದ ಆಡಳಿತದ ಮಾತುಗಳಂತೆ ಇದೂ ಕನ್ನಡದ ನಾಲಿಗೆಗೆ ಹೊಂದಿಕೊಂಡಿತು.

ಜನ ಹೋದರೂ ಊರು ಕಾಗದದಲ್ಲಿ ಉಳಿಯುತ್ತದೆ. ಅದೇ ಎಲ್ಲೆ, ಅದೇ ಸರ್ವೆ ನಂಬರು. ಪಕ್ಕದೂರಿನವರು ಬಂದು ಉಳುತ್ತಾರೆ, ಪಹಣಿಯಲ್ಲಿ ಹಳೆಯ ಹೆಸರೇ ಮುಂದುವರಿಯುತ್ತದೆ.

ಮುಳಬಾಗಿಲಿಗೆ ಹತ್ತಿರದ, ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಈ ಪದ ಒಪ್ಪುವುದಿಲ್ಲ. ಅಲ್ಲಿ ಜನರಿದ್ದಾರೆ. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕಂಡ ಪಟ್ಟಣವದು. ಆದರೆ ಅಲ್ಲಿನ ನೆಲದ ಬಹುಭಾಗವನ್ನು ಗಣಿ ಎಂಬ ಒಂದೇ ಕಸುಬಿಗಾಗಿ ಹಂಚಲಾಗಿತ್ತು: ಶಾಫ್ಟಿನ ಸುತ್ತ ಕಾರ್ಮಿಕರ ಲೈನು ಮನೆ, ಎತ್ತರದಲ್ಲಿ ಅಧಿಕಾರಿಗಳ ಬಂಗಲೆ, ನಡುವೆ ಗಣಿ ತ್ಯಾಜ್ಯದ ಸೈನೈಡ್ ಗುಡ್ಡ. ಮನೆಯೂ ಆಸ್ಪತ್ರೆಯೂ ಕಂಪನಿಯದೇ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಸಂಬಳ ನಿಂತಿತು, ಲೈನು ಮನೆಗಳ ದುರಸ್ತಿಗೆ ದಿಕ್ಕಿಲ್ಲವಾಯಿತು. ಸ್ವಂತ ಹಕ್ಕುಪತ್ರವಿಲ್ಲದ ಮನೆಗೆ ಯಾರು ಧೈರ್ಯವಾಗಿ ದುಡ್ಡು ಸುರಿದಾರು? ಬಡಾವಣೆಗಳು ಸೊರಗಿದ್ದಕ್ಕೆ ಕೆಲಸ ಹೋದದ್ದಷ್ಟೇ ಅಲ್ಲ, ನೆಲವನ್ನು ಬೇರೊಂದಕ್ಕೆ ಬಳಸುವ ದಾರಿ ತೆರೆಯದಿದ್ದದ್ದೂ ಕಾರಣ. ಹೀಗಾಗಿ ದುಡಿಯುವವರು ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಮರಳತೊಡಗಿದರು.

ಬೇಚರಾಕ್ ಎನ್ನಲು ಊರು ಪೂರ್ತಿ ಖಾಲಿಯಾಗಬೇಕು. ಜನರಿದ್ದೂ ಸೊರಗುವ ಇಂಥ ಊರಿಗೆ ಕಂದಾಯ ಇಲಾಖೆಯ ಪದಕೋಶದಲ್ಲಿ ಹೆಸರಿಲ್ಲ.