ರೂಟರ್ ಕಾನ್ಫಿಗರೇಶನ್ ಬದಲಿಸುವ ಮುನ್ನ: ವಾಪಸ್ ಬರುವ ದಾರಿ ಇದೆಯೇ?

2022ರ ಜುಲೈ 8ರ ಬೆಳಗಿನ ಜಾವ. ಕೆನಡಾದ ರೋಜರ್ಸ್ ಕಂಪನಿಯಲ್ಲಿ ಏಳು ಹಂತಗಳ ನೆಟ್‌ವರ್ಕ್ ಅಪ್‌ಗ್ರೇಡ್‌ನ ಆರನೇ ಹಂತ ನಡೆಯುತ್ತಿತ್ತು. ಕೆಲವು ರೂಟರ್‌ಗಳ ಕಾನ್ಫಿಗರೇಶನ್‌ನಿಂದ ಒಂದು ಫಿಲ್ಟರ್ ತೆಗೆಯಲಾಯಿತು. ಮಿತಿಮೀರಿದ ರೂಟಿಂಗ್ ಮಾಹಿತಿ ಕೋರ್ ರೂಟರ್‌ಗಳಿಗೆ ನುಗ್ಗದಂತೆ ತಡೆಯುತ್ತಿದ್ದದ್ದೇ ಆ ಫಿಲ್ಟರ್. ನೋಡನೋಡುತ್ತಿದ್ದಂತೆ ಕೋರ್ ರೂಟರ್‌ಗಳು ಕೈಕೊಟ್ಟವು. 1.2 ಕೋಟಿಗೂ ಹೆಚ್ಚು ಗ್ರಾಹಕರ ಸೇವೆ ಸ್ಥಗಿತಗೊಂಡಿತು. ದೇಶದ ಡೆಬಿಟ್ ಕಾರ್ಡ್ ಪಾವತಿ ವ್ಯವಸ್ಥೆ ನಿಂತಿತು, ತುರ್ತು ಸಂಖ್ಯೆ 911ಕ್ಕೂ ಅನೇಕರ ಕರೆ ಹೋಗಲಿಲ್ಲ.

ಫಿಲ್ಟರ್ ಮತ್ತೆ ಹಾಕಿದ್ದರೆ ಸಾಕಿತ್ತಲ್ಲವೇ? ಆಗಲಿಲ್ಲ. ರೂಟರ್‌ಗಳ ಒಳಹೋಗುವ ದಾರಿಯೂ, ಸಿಬ್ಬಂದಿಯ ಫೋನ್‌ಗಳೂ ಅದೇ ನೆಟ್‌ವರ್ಕ್ ಮೇಲಿದ್ದವು. ಕಾರಣ ಪತ್ತೆಗೇ ಸುಮಾರು 14 ಗಂಟೆ ಹಿಡಿಯಿತು. ಮೊದಲ ಹಂತಗಳು ಸಲೀಸಾಗಿ ಮುಗಿದವೆಂದು ಈ ಕೆಲಸದ ಅಪಾಯದ ಮಟ್ಟವನ್ನು 'ಕಡಿಮೆ'ಗೆ ಇಳಿಸಲಾಗಿತ್ತು ಎಂಬುದು ಸ್ವತಂತ್ರ ಪರಿಶೀಲನೆಯಲ್ಲಿ ಬಯಲಾಯಿತು.

ದೂರದಿಂದ ರೂಟರ್ ಸೆಟ್ಟಿಂಗ್ ಬದಲಿಸುವುದೆಂದರೆ ಹೀಗೆಯೇ, ಸ್ವಲ್ಪ ತಪ್ಪಿದರೂ ಕೂತ ಕೊಂಬೆಯನ್ನೇ ಕಡಿದಂತೆ.

ಎರಡು ಕಾನ್ಫಿಗರೇಶನ್, ಒಂದು ಗಡಿಯಾರ

ಸಿಸ್ಕೊ ರೂಟರ್‌ಗಳಲ್ಲಿ ಎರಡು ಪ್ರತಿಗಳಿರುತ್ತವೆ. ಈಗ ಚಾಲನೆಯಲ್ಲಿರುವುದು ರನ್ನಿಂಗ್ ಕಾನ್ಫಿಗ್. ರೂಟರ್ ಆನ್ ಆದಾಗ ಓದಿಕೊಳ್ಳುವುದು ಸ್ಟಾರ್ಟಪ್ ಕಾನ್ಫಿಗ್. ಟೈಪ್ ಮಾಡಿದ ಕಮಾಂಡ್ ತಕ್ಷಣ ಜಾರಿಯಾಗುತ್ತದೆ, ಆದರೆ ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದಾಗ ಮಾಯವಾಗುತ್ತದೆ. ಆರು ತಿಂಗಳ ಹಿಂದೆ ಸೇವ್ ಮರೆತವರು ಯಾರೆಂದು ಆಮೇಲೆ ಹುಡುಕುವುದು ಕಷ್ಟ!

ಇದೇ ಗುಣವನ್ನು ರಕ್ಷಣೆಗೂ ಬಳಸಬಹುದು. ಸರಿಯಿರುವ ಕಾನ್ಫಿಗ್ ಸೇವ್ ಮಾಡಿ, 'ರೀಲೋಡ್ ಇನ್ 10' ಎಂಬ ಕಮಾಂಡ್ ಕೊಟ್ಟು, ಬಳಿಕ ಬದಲಾವಣೆ ಶುರುಮಾಡಬೇಕು. ಸಂಪರ್ಕ ತಪ್ಪಿದರೆ 10 ನಿಮಿಷಕ್ಕೆ ರೂಟರ್ ರೀಸ್ಟಾರ್ಟ್ ಆಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಎಲ್ಲ ಸರಿಯಿದ್ದರೆ 'ರೀಲೋಡ್ ಕ್ಯಾನ್ಸಲ್' ಕೊಟ್ಟು ಸೇವ್ ಮಾಡಿದರಾಯಿತು. ನಡುವೆ ಸೇವ್ ಮಾಡಿದರೆ ಮಾತ್ರ ಈ ರಕ್ಷಣೆ ವ್ಯರ್ಥ.

ಜುನಿಪರ್‌ನ 'ಕಮಿಟ್ ಕನ್ಫರ್ಮ್ಡ್' ಇದಕ್ಕಿಂತ ಅಚ್ಚುಕಟ್ಟು. 10 ನಿಮಿಷದಲ್ಲಿ ಎಂಜಿನಿಯರ್ ಮತ್ತೊಮ್ಮೆ ಖಚಿತಪಡಿಸದಿದ್ದರೆ ರೀಸ್ಟಾರ್ಟ್ ಇಲ್ಲದೆಯೇ ಬದಲಾವಣೆ ರದ್ದಾಗುತ್ತದೆ. ಮೈಕ್ರೋಟಿಕ್‌ನಲ್ಲಿ 'ಸೇಫ್ ಮೋಡ್' ಇದೆ.

ಹೊಸಬರು ಹೆಚ್ಚಾಗಿ ಎಡವುವುದು ಆಕ್ಸೆಸ್ ಲಿಸ್ಟ್‌ನಲ್ಲಿ. ಸಿಸ್ಕೊದಲ್ಲಿ ಪಟ್ಟಿಯ ಕೊನೆಗೆ 'ಉಳಿದವರಿಗೆ ಪ್ರವೇಶವಿಲ್ಲ' ಎಂಬ ನಿಯಮ ಕಣ್ಣಿಗೆ ಕಾಣದಂತೆ ಇದ್ದೇ ಇರುತ್ತದೆ. ತಮ್ಮ ಕಂಪ್ಯೂಟರ್‌ನ ವಿಳಾಸಕ್ಕೆ ಮೊದಲೇ ಅನುಮತಿ ಬರೆಯದೆ ಪಟ್ಟಿ ಜಾರಿ ಮಾಡಿದವರು ತಾವೇ ಹೊರಗುಳಿಯುತ್ತಾರೆ.

ಬೇರೆ ಬಾಗಿಲು, ಹಳೆಯ ಲೆಕ್ಕ

ಮುಖ್ಯ ರೂಟರ್‌ಗಳ ಕನ್ಸೋಲ್ ಪೋರ್ಟ್‌ಗೆ ಪ್ರತ್ಯೇಕ ಸಂಪರ್ಕ ಇರಬೇಕು. ಅದಕ್ಕೆ ಸಿಮ್ ಬಳಸುವುದಾದರೆ ಬೇರೆ ಕಂಪನಿಯದ್ದೇ ಆಗಿರಲಿ. ಯಾವ ಸಾಲು ಯಾವಾಗ ಬದಲಾಯಿತು ಎಂದು ತಿಳಿಯಲು ರ‍್ಯಾನ್ಸಿಡ್, ಆಕ್ಸಿಡೈಸ್ಡ್‌ನಂಥ ಉಚಿತ ಸಾಫ್ಟ್‌ವೇರ್‌ಗಳಿವೆ. ಕಾನ್ಫಿಗ್‌ಗಳನ್ನು ಆಗಾಗ ತರಿಸಿಕೊಂಡು ಹಳೆಯ ಪ್ರತಿಯೊಂದಿಗೆ ಹೋಲಿಸಿಡುವುದು ಇವುಗಳ ಕೆಲಸ. ಏಕೆ ಬದಲಾಯಿತು ಎಂಬುದನ್ನು ಮಾತ್ರ ಮನುಷ್ಯರೇ ಬರೆದಿಡಬೇಕು.

ಮನೆಯ ವೈಫೈ ರೂಟರ್‌ಗೆ ಇಷ್ಟೆಲ್ಲ ಬೇಡ. ಸೆಟ್ಟಿಂಗ್ ಬದಲಿಸುವ ಮುನ್ನ 'ಬ್ಯಾಕಪ್' ಆಯ್ಕೆಯಿಂದ ಫೈಲ್ ಇಳಿಸಿಕೊಳ್ಳಿ, ಇಂಟರ್ನೆಟ್ ಕಂಪನಿ ಕೊಟ್ಟ ಲಾಗಿನ್ ವಿವರ ಬರೆದಿಟ್ಟುಕೊಳ್ಳಿ. ರೀಸೆಟ್ ಬಟನ್ ಒತ್ತಿ ಹಿಡಿದರೆ ಅದೂ ಅಳಿಸಿಹೋಗಬಹುದು. ಬ್ಯಾಕಪ್ ಫೈಲ್‌ನಲ್ಲಿ ಪಾಸ್‌ವರ್ಡ್‌ಗಳೂ ಇರುವುದರಿಂದ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳುಹಿಸಬೇಡಿ.