ಧಾರಣೆ ಪುಸ್ತಕದಿಂದ ಡ್ರೈವ್‌ವರೆಗೆ

ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವಳು ನಾನು. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವರು ನಮ್ಮ ಚಿಕ್ಕಪ್ಪ. ಅವರು ಬರೆದ ಧಾರಣೆ ಪುಸ್ತಕಗಳು ಇಂದಿಗೂ ಕಪಾಟಿನಲ್ಲಿವೆ. ಎಡಕ್ಕೆ ತಾರೀಖು, ಆಮೇಲೆ ಅಡಿಕೆಯ ಬಗೆಗಳು: ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಕೆಂಪುಗೋಟು. ಪ್ರತಿಯೊಂದರ ಕೆಳಗೂ ಕನಿಷ್ಠ, ಗರಿಷ್ಠ. ಸಾಗರದ ಧಾರಣೆ ನೀಲಿ ಶಾಯಿಯಲ್ಲಿ, ಶಿರಸಿ ಮತ್ತು ಶಿವಮೊಗ್ಗದ್ದು ಕೆಂಪಿನಲ್ಲಿ. ಆ ಕೆಂಪು ಸಾಲಿಗಾಗಿ ಟ್ರಂಕ್ ಕಾಲ್ ಹಚ್ಚಬೇಕಿತ್ತು, ಇಲ್ಲವೇ ಮರುದಿನದ ಪತ್ರಿಕೆ ಬರುವವರೆಗೆ ಕಾಯಬೇಕಿತ್ತು.

ಈಗ ಅದೇ ಕೆಂಪು ಸಾಲು ಪ್ರತಿದಿನ ಸಂಜೆ ತಾನಾಗಿ ನಮ್ಮ ಗೂಗಲ್ ಡ್ರೈವ್‌ನ ಫೋಲ್ಡರಿಗೆ ಬಂದು ಸೇರುತ್ತದೆ. ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಪರದೆಯ ಮೇಲೆ ನಾಲ್ಕು ಚೌಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದಿದ್ದೇನೆ. ಮೊದಲ ಚೌಕ ಹೊತ್ತು ನೋಡುತ್ತದೆ, ಎರಡನೆಯದು ಮಾರುಕಟ್ಟೆ ಇಲಾಖೆಯ ಪುಟವನ್ನು ತರುತ್ತದೆ, ಮೂರನೆಯದು ಅದರೊಳಗಿನ ಕೋಷ್ಟಕದಿಂದ ಅಡಿಕೆಯ ಸಾಲುಗಳನ್ನು ಆರಿಸುತ್ತದೆ, ನಾಲ್ಕನೆಯದು ಫೈಲು ಮಾಡಿ ಡ್ರೈವ್‌ಗೆ ಹಾಕುತ್ತದೆ. ಇಷ್ಟು ಸುಲಭವಾಗಿ ಕೈಗೆ ಬಂದದ್ದರ ಹಿಂದೆ ಐವತ್ತು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದನ್ನು ತಿಳಿದರೆ ಏನನ್ನು ನಂಬಬೇಕು, ಯಾವುದನ್ನು ನಂಬಿ ಕೂರಬಾರದು ಎಂಬುದೂ ಗೊತ್ತಾಗುತ್ತದೆ.

ಅದರ ಮೂರು ಎಳೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಜೋಡಿಸುವ ಆಲೋಚನೆ. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ ಮ್ಯಾಕ್‌ಇಲ್‌ರಾಯ್ ಒಂದು ಟಿಪ್ಪಣಿ ಬರೆದರು: ತೋಟಕ್ಕೆ ನೀರು ಹಾಯಿಸುವ ಪೈಪಿನ ತುಂಡುಗಳನ್ನು ಒಂದಕ್ಕೊಂದು ತಿರುಪಿ ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸುವಂತಿರಬೇಕು ಎಂದು. ಒಂಬತ್ತು ವರ್ಷದ ನಂತರ, 1973ರಲ್ಲಿ, ಅಲ್ಲಿಯವರೇ ಆದ ಕೆನ್ ಥಾಂಪ್ಸನ್ ಅದನ್ನು ಯೂನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಮಾಡಿ ತೋರಿಸಿದರು. ಒಂದು ಪ್ರೋಗ್ರಾಮಿನಿಂದ ಹೊರಬಂದದ್ದು ನೇರವಾಗಿ ಇನ್ನೊಂದರ ಒಳಗೆ. ಬೇಸಿಗೆಯಲ್ಲಿ ಅಡಿಕೆ ತೋಟದಲ್ಲಿ ಪೈಪು ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಪೈಪು ಬಹುಕಾಲ ಪ್ರೋಗ್ರಾಮರುಗಳ ಕೈಯಲ್ಲೇ ಉಳಿಯಿತು.

ಎರಡನೆಯದು ಪುಟಗಳಿಂದ ಮಾಹಿತಿ ಕೊಯ್ಯುವ ವಿದ್ಯೆ. ವೆಬ್ ಎಷ್ಟು ದೊಡ್ಡದಾಗಿದೆ ಎಂದು ಅಳೆಯಲು 1993ರಲ್ಲಿ ಎಂಐಟಿಯ ಮ್ಯಾಥ್ಯೂ ಗ್ರೇ ಒಂದು ಅಲೆಮಾರಿ ಪ್ರೋಗ್ರಾಮು ಬರೆದರು. ಅದೇ ವರ್ಷದ ಕೊನೆಗೆ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಫ್ಲೆಚರ್ ಇಂಥದೇ ಅಲೆದಾಟದಿಂದ ಜಂಪ್‌ಸ್ಟೇಷನ್ ಎಂಬ ಹುಡುಕು ಯಂತ್ರ ಕಟ್ಟಿದರು. ಈ ಯಂತ್ರಗಳು ಬಂದು ಹೋಗುವ ರಭಸಕ್ಕೆ ಸಣ್ಣ ಸರ್ವರುಗಳು ಬಸವಳಿಯತೊಡಗಿದವು. 1994ರಲ್ಲಿ ಮಾರ್ಟಿನ್ ಕೋಸ್ಟರ್ ಒಂದು ಮರ್ಯಾದೆಯ ಕ್ರಮ ಸೂಚಿಸಿದರು: ಪ್ರತಿ ತಾಣವೂ ರೋಬಾಟ್ಸ್.ಟಿಎಕ್ಸ್‌ಟಿ ಎಂಬ ಪುಟ್ಟ ಫೈಲಿನಲ್ಲಿ ಯಂತ್ರಗಳು ಎಲ್ಲಿಗೆ ಬರಬಹುದು, ಎಲ್ಲಿಗೆ ಬರಕೂಡದು ಎಂದು ಬರೆದಿಡಲಿ. ಯಾವ ಕಾನೂನಿನ ಬಲವೂ ಇಲ್ಲದ ಈ ಒಪ್ಪಂದ ಜಗತ್ತಿನಾದ್ಯಂತ ನಡೆದುಬಂತು. ಅದಕ್ಕೆ ಅಧಿಕೃತ ಇಂಟರ್ನೆಟ್ ಮಾನಕದ ರೂಪ ಸಿಕ್ಕಿದ್ದು 2022ರಲ್ಲಿ. ಕೇವಲ ಸಜ್ಜನಿಕೆಯ ಮೇಲೆ ಇಷ್ಟು ವರ್ಷ ನಿಂತ ಇಂಥ ಏರ್ಪಾಡು ಕಂಪ್ಯೂಟರ್ ಲೋಕದಲ್ಲಿ ಅಪರೂಪ.

ಹಾಗೆಂದು ತಕರಾರುಗಳಿರಲಿಲ್ಲ ಎಂದಲ್ಲ. ಹರಾಜುಗಳ ಬೆಲೆಗಳನ್ನು ಒಟ್ಟುಮಾಡುತ್ತಿದ್ದ ಬಿಡ್ಡರ್ಸ್ ಎಡ್ಜ್ ಎಂಬ ಕಂಪನಿಯ ಮೇಲೆ ಹರಾಜು ತಾಣವಾದ ಈಬೇ ದಾವೆ ಹೂಡಿ, 2000ದಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಬೆಲೆಪಟ್ಟಿ ಯಾರ ಸೊತ್ತು ಎಂಬ ಈ ಪ್ರಶ್ನೆ ಮಂಡಿಯವರಿಗೆ ಹೊಸದೇನಲ್ಲ.

ಮೂರನೆಯದು ಕಣಜ. ಅಮೆಜಾನ್ 2006ರ ಮಾರ್ಚಿನಲ್ಲಿ ಎಸ್3 ಹೆಸರಿನಲ್ಲಿ ತನ್ನ ಸಂಗ್ರಹ ಜಾಗವನ್ನು ಬಾಡಿಗೆಗೆ ಕೊಡಲು ತೊಡಗಿತು. ಬಾಸ್ಟನ್‌ನಿಂದ ನ್ಯೂಯಾರ್ಕಿಗೆ ಬಸ್ಸು ಹತ್ತಿದ ಡ್ರೂ ಹ್ಯೂಸ್ಟನ್, ಪೆನ್‌ಡ್ರೈವ್ ಮನೆಯಲ್ಲೇ ಉಳಿದದ್ದು ಗೊತ್ತಾಗಿ ಬಸ್ಸಿನಲ್ಲೇ ಡ್ರಾಪ್‌ಬಾಕ್ಸ್ ಎಂಬ ಸಂಗ್ರಹ ಸೇವೆಯ ಮೊದಲ ಸಾಲುಗಳನ್ನು ಬರೆದದ್ದಾಗಿ ಹೇಳಿದ್ದಾರೆ. 2008ರಲ್ಲಿ ಅದು ಜನರಿಗೆ ಸಿಕ್ಕಿತು. ಗೂಗಲ್ ಡ್ರೈವ್ ಬಂದದ್ದು 2012ರ ಏಪ್ರಿಲ್‌ನಲ್ಲಿ, 5 ಜಿಬಿ ಉಚಿತ ಜಾಗದೊಂದಿಗೆ.

ಈ ಮೂರೂ ಬೇರೆ ಬೇರೆ ಜನ, ಬೇರೆ ಬೇರೆ ಅಗತ್ಯಕ್ಕಾಗಿ ಮಾಡಿದ್ದು. ಪ್ರೋಗ್ರಾಮಿಂಗ್ ಬರದವರ ಕೈಗೆ ಪೈಪನ್ನು ಕೊಟ್ಟ ದೊಡ್ಡ ಪ್ರಯತ್ನ 2007ರ ಫೆಬ್ರವರಿಯಲ್ಲಿ ಬಂದ ಯಾಹೂ ಪೈಪ್ಸ್. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಅಧ್ಯಾಯ ಇದೇ. ಚೌಕುಳಿಯ ಹಾಳೆಯಂತಹ ಪರದೆ. ಅದರ ಮೇಲೆ ಪೆಟ್ಟಿಗೆಗಳನ್ನು ಎಳೆದು ತಂದಿಟ್ಟು, ನೀಲಿ ಕೊಳವೆಗಳಿಂದ ಸೇರಿಸುವುದು. ಒಂದು ಪೆಟ್ಟಿಗೆ ಸುದ್ದಿ ತಾಣಗಳ ಫೀಡು ತರುತ್ತಿತ್ತು, ಇನ್ನೊಂದು ಬೇಡದ್ದನ್ನು ಸೋಸುತ್ತಿತ್ತು, ಮತ್ತೊಂದು ಇಡೀ ವೆಬ್ ಪುಟವನ್ನೇ ತಂದು ಬೇಕಾದ ಭಾಗ ಕತ್ತರಿಸಿಕೊಳ್ಳಲು ಬಿಡುತ್ತಿತ್ತು. ಒಬ್ಬರು ಕಟ್ಟಿದ ಪೈಪನ್ನು ಇನ್ನೊಬ್ಬರು ತೆರೆದು ನೋಡಿ, ನಕಲು ಮಾಡಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಿತ್ತು. ಗ್ರಂಥಪಾಲಕರು, ಪತ್ರಕರ್ತರು, ಮೇಷ್ಟರು ಇದನ್ನು ಬಳಸಿದರು. ಕೆಲಸ ಯಾರಿಗೆ ಗೊತ್ತೋ ಅವರೇ ತಮ್ಮ ಉಪಕರಣ ಕಟ್ಟಿಕೊಳ್ಳಬೇಕು ಎಂಬ ನಂಬಿಕೆ ಅದರ ಒಂದೊಂದು ಪೆಟ್ಟಿಗೆಯಲ್ಲೂ ಇತ್ತು.

2015ರ ಸೆಪ್ಟೆಂಬರಿನಲ್ಲಿ ಯಾಹೂ ಅದನ್ನು ಮುಚ್ಚಿತು. ಜನ ವರ್ಷಗಟ್ಟಲೆ ಕಟ್ಟಿದ್ದ ಪೈಪುಗಳೆಲ್ಲ ನಿಂತುಹೋದವು. ಮೌಸಿನಲ್ಲಿ ಮುಟ್ಟಿ ತೋರಿಸಿದರೆ ಸಾಕು, ಪುಟದಿಂದ ಮಾಹಿತಿ ತೆಗೆದುಕೊಡುತ್ತಿದ್ದ ಕಿಮೋನೊ ಎಂಬ ಸೇವೆ ಮರುವರ್ಷವೇ, 2016ರಲ್ಲಿ, ಪ್ಯಾಲಂಟೀರ್ ಕಂಪನಿಯ ತೆಕ್ಕೆಗೆ ಹೋಗಿ ನಿಂತಿತು. ಬೇರೆಯವರ ಜಾಗದಲ್ಲಿ ಕಟ್ಟಿದ್ದಕ್ಕೆ ಹೀಗಾಗುವುದು ಸಹಜ. ಆದರೆ ಎರಡರ ಬಳಕೆದಾರರಲ್ಲೂ ತಂದ ಮಾಹಿತಿಯನ್ನು ದಿನದಿನವೂ ತಮ್ಮದೇ ಫೈಲಾಗಿ ಇಳಿಸಿಟ್ಟುಕೊಂಡವರಿಗೆ ನಷ್ಟವಾದದ್ದು ಪೈಪು ಮಾತ್ರ, ನೀರಲ್ಲ.

ಇಂಥ ಸೇವೆಗಳೊಂದಿಗೆ ಆ ಹೊತ್ತಿಗೆ ಬೇರೆಯವರು ಬಂದಿದ್ದರು, ಆಮೇಲೂ ಬಂದರು. 2010ರ ಕೊನೆಗೆ ಸ್ಯಾನ್‌ಫ್ರಾನ್ಸಿಸ್ಕೋದ ಲಿಂಡನ್ ಟಿಬೆಟ್ಸ್ ಇಫ್ಟ್ ಶುರುಮಾಡಿದರು; ಹೀಗಾದರೆ ಹಾಗೆ ಮಾಡು ಎಂಬ ಒಂದೇ ಸೂತ್ರ. 2011ರಲ್ಲಿ ಮಿಸೌರಿಯ ಕೊಲಂಬಿಯಾ ಊರಿನ ಮೂವರು ಜಾಪಿಯರ್ ಕಟ್ಟಿದರು. ಪ್ರಾಗ್ ನಗರದ ಇಂಟೆಗ್ರೊಮ್ಯಾಟ್ 2022ರಲ್ಲಿ ಮೇಕ್ ಎಂದು ಹೆಸರು ಬದಲಿಸಿಕೊಂಡಿತು. ಬರ್ಲಿನ್ನಿನ ಯಾನ್ ಓಬರ್‌ಹೌಸರ್ 2019ರಲ್ಲಿ ಹೊರತಂದ ಎನ್8ಎನ್ ಅನ್ನು ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು. ನಾನು ಅದನ್ನೇ ಆರಿಸಿಕೊಂಡದ್ದು ಈ ಕಾರಣಕ್ಕೆ.

ನಮ್ಮ ಕಡೆಯ ಕಥೆ ಇದಕ್ಕೆ ಸಮಾನಾಂತರವಾಗಿ ನಡೆದಿದೆ. ಅಡಿಕೆ ಬೆಳೆಗಾರರು ಧಾರಣೆಯ ಸುದ್ದಿಗಾಗಿ ವ್ಯಾಪಾರಿಯ ಬಾಯನ್ನೇ ನೋಡಬೇಕಾಗಿದ್ದ ಕಾಲದಲ್ಲಿ ಹುಟ್ಟಿದ್ದು ಶಿರಸಿಯ ಟಿಎಸ್‌ಎಸ್ ಸಹಕಾರ ಸಂಘ, 1923ರಲ್ಲಿ. ಶಿವಮೊಗ್ಗದ ಮ್ಯಾಮ್‌ಕೋಸ್ 1939ರದ್ದು, ಮಂಗಳೂರಿನ ಕ್ಯಾಂಪ್ಕೊ 1973ರದ್ದು. ಧಾರಣೆ ಎಲ್ಲರಿಗೂ ಗೊತ್ತಾಗಬೇಕು ಎಂಬುದಕ್ಕೆ ಈ ಸಂಘಗಳು ಪಟ್ಟ ಶ್ರಮ ದೊಡ್ಡದು. 2000ದಲ್ಲಿ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಬಂದು ಮಂಡಿಗಳ ಧಾರಣೆ ಅಂತರ್ಜಾಲಕ್ಕೆ ಏರಿತು. ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿ ಕನ್ನಡದಲ್ಲೇ ಆವಕ, ಕನಿಷ್ಠ, ಗರಿಷ್ಠ, ಮಾದರಿ ಧಾರಣೆ ಸಿಗುತ್ತದೆ. ಮಂಡಿಯಲ್ಲೂ ಟೆಂಡರು ಚೀಟಿಯ ಜಾಗಕ್ಕೆ ಕಂಪ್ಯೂಟರು ಬಂದಿದೆ.

ಚಿಕ್ಕಪ್ಪನ ಪುಸ್ತಕ ಮತ್ತು ನನ್ನ ಫೋಲ್ಡರು ಭೇಟಿಯಾಗುವುದು ಇಲ್ಲಿ. ಪುಟದಲ್ಲಿ ಕಾಣುವುದು ಇವತ್ತಿನ ಧಾರಣೆ. ಆದರೆ ಬೆಳೆಗಾರ ಕೇಳುವುದು, “ಕಳೆದ ವರ್ಷ ಈ ಹೊತ್ತಿಗೆ ಎಷ್ಟಿತ್ತು ತಂಗಿ? ಈಗ ಕೊಡಲೋ, ಇನ್ನೊಂದು ತಿಂಗಳು ಇಟ್ಟುಕೊಳ್ಳಲೋ?” ಎಂದು. ಅದಕ್ಕೆ ಉತ್ತರ ಸಿಗುವುದು ಸಾಲು ಸಾಲಾಗಿ ಕೂಡಿಟ್ಟ ಫೈಲಿನಲ್ಲಿ. ಹಾಗಾಗಿ ಪ್ರತಿ ತಿಂಗಳಿಗೊಂದು ಸಿಎಸ್‌ವಿ ಫೈಲು ಇಡುತ್ತೇನೆ. ಯಾವ ಕಂಪನಿ ಮುಚ್ಚಿದರೂ ಅದನ್ನು ತೆರೆಯಬಹುದು. ಜೊತೆಗೆ ಆ ದಿನದ ಪುಟವನ್ನೂ ಇದ್ದ ಹಾಗೆಯೇ ಉಳಿಸುತ್ತೇನೆ, ಏಕೆಂದರೆ ಇಲಾಖೆ ಕೋಷ್ಟಕದ ಒಂದು ಕಾಲಂ ಆಚೀಚೆ ಮಾಡಿದರೆ ಕನಿಷ್ಠದ ಜಾಗದಲ್ಲಿ ಆವಕ ಬಂದು ಕೂರುತ್ತದೆ. ಆಗ ಮೂಲ ಪುಟವೇ ಸಾಕ್ಷಿ. ಪುಟವನ್ನು ದಿನಕ್ಕೊಮ್ಮೆ ಮಾತ್ರ ತರುತ್ತೇನೆ, ಟೆಂಡರಿನ ಗಡಿಬಿಡಿ ಮುಗಿದ ಮೇಲೆ. ಕೋಸ್ಟರ್ ಹೇಳಿದಂಥ ಮರ್ಯಾದೆ ಅದು, ಏಕೆಂದರೆ ಬೆಳಿಗ್ಗೆ ಅದೇ ಪುಟವನ್ನು ಸಾವಿರಾರು ಬೆಳೆಗಾರರು ಫೋನಿನಲ್ಲಿ ತೆರೆಯುತ್ತಿರುತ್ತಾರೆ.

ಕೇಂದ್ರದ ಮುಕ್ತ ದತ್ತಾಂಶ ತಾಣದಲ್ಲಿ ಮಂಡಿಗಳ ದಿನದ ಧಾರಣೆ ಯಂತ್ರ ಓದುವ ರೂಪದಲ್ಲೇ ಸಿಗುತ್ತಿದೆ. ನಮ್ಮ ಎಪಿಎಂಸಿಗಳೂ, ಅಡಿಕೆ ಸಹಕಾರ ಸಂಘಗಳೂ ಹಾಗೆಯೇ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ: ಗೊರಬಲು, ಬೆಟ್ಟೆ ಎಂಬ ನಮ್ಮ ಹೆಸರುಗಳಲ್ಲೇ, ಹಿಂದಿನ ವರ್ಷಗಳ ಸಮೇತ, ಯಾರು ಬೇಕಾದರೂ ಇಳಿಸಿಕೊಳ್ಳುವ ಫೈಲಾಗಿ ಕೊಡಲಿ. ಹಾಗೆ ಕೊಟ್ಟರೆ ನನ್ನಂಥವರು ಪುಟದಿಂದ ಕೊಯ್ಯುವ ಅಗತ್ಯವೇ ಇರುವುದಿಲ್ಲ. ಮನೆಯ ಅಟ್ಟದಲ್ಲೋ ಮಂಡಿಯ ಕಪಾಟಿನಲ್ಲೋ ಹಳೆಯ ಧಾರಣೆ ಪುಸ್ತಕ ಇಟ್ಟುಕೊಂಡವರು, ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ. ಒಂದೊಂದು ಹಾಳೆಯನ್ನೂ ಫೋನಿನಲ್ಲಿ ಫೋಟೋ ತೆಗೆದು, ತಾರೀಖಿನ ಹೆಸರಿಟ್ಟು, ಎರಡು ಕಡೆ ಉಳಿಸಿಡಿ.