ಅತ್ತೆಯ ಅಚ್ಚಿನ ಮಣೆ, ಸಕ್ಕರೆ ಹಾಕದ ಬಿಸ್ಕತ್ತು

ಹೊಳೆನರಸೀಪುರದ ನಮ್ಮ ಮನೇಲಿ ಸಂಕ್ರಾಂತಿ ಸಕ್ಕರೆ ಅಚ್ಚು ಅಂದ್ರೆ ನಮ್ಮತ್ತೆ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಮರದ ಅಚ್ಚಿಗೆ ಹುಯ್ದು, ಹಕ್ಕಿ, ಮೀನು, ತುಳಸಿಕಟ್ಟೆ ಎಲ್ಲ ತೆಗೀತಿದ್ರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ಆಯ್ತು. ಅಚ್ಚು ಹುಯ್ಯೋದು ಬಿಡಲಿಲ್ಲ, ತಿನ್ನೋದು ಬಿಟ್ರು. ಬಿಟ್ಟಿದಾರೆ ಅಂತ ನಾವು ತಿಳ್ಕಂಡಿದ್ವಿ. ಒಂದು ಹಬ್ಬದ ದಿನ ಉಗ್ರಾಣದಲ್ಲಿ ಮುರಿದ ಅಚ್ಚಿನ ಚೂರು ಬಾಯಿಗೆ ಹಾಕ್ಕಳ್ತಿದ್ದಿದ್ದು ಕಣ್ಣಿಗೆ ಬಿತ್ತು. ನೆಂಟರ ಎದುರಿಗೇ ಗದರಿಸಿಬಿಟ್ಟೆ. ಎಂಬತ್ತು ದಾಟಿದ ಹೆಂಗಸು, ಸೆರಗಿಗೆ ಕೈ ಒರೆಸ್ಕಂಡು ಸುಮ್ನೆ ಜಗಲಿಗೆ ಹೋದ್ರು. ಆ ಮುಖ ಇವತ್ತೂ ಮರೆತಿಲ್ಲ.

ಆಮೇಲೆ ಯೋಚನೆ ಮಾಡ್ದೆ, ಈ ಸಕ್ಕರೆ ನಮ್ಮ ಮನೆಗಳಿಗೆ ಇಷ್ಟು ಧಾರಾಳವಾಗಿ ಬಂದಿದ್ದು ಯಾವಾಗ ಅಂತ.

ಅರಕಲಗೂಡಿನ ನಮ್ಮ ತೌರಲ್ಲಿ ಅಜ್ಜಿ ಕಾಲಕ್ಕೆ ಸಿಹಿ ಅಂದ್ರೆ ಬೆಲ್ಲ. ಸಕ್ಕರೆ ಏನಿದ್ರೂ ಬೀಗರು ಬಂದಾಗ ಕಾಫಿಗೆ. ನಮ್ಮ ಸೀಮೆಯಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಶುರುವಾಗಿದ್ದೇ 1933ರಲ್ಲಿ. ನಾನು ಚಿಕ್ಕವಳಿದ್ದಾಗಲೂ ಕಾರ್ಡ್ ಹಿಡ್ಕಂಡು ಸೊಸೈಟಿ ಮುಂದೆ ನಿಂತು ಸಕ್ಕರೆ ತರ್ತಿದ್ವಿ. ಆಮೇಲೆ ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗೀತು, ನಾಲೆ ನೀರು ಹರೀತು, ಕಬ್ಬು ಬೆಳೀತು. ಚನ್ನರಾಯಪಟ್ಟಣದ ಹತ್ರ ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಅಲ್ಲಿರೋ ನಮ್ಮಕ್ಕನ ಮನೆಗೆ ಹೋದಾಗ ಕಬ್ಬಿನ ಗಾಡಿ ಸಾಲು ನೋಡೋದೇ ನಮಗೊಂದು ಹಬ್ಬ.

ಬಿಸ್ಕತ್ತೂ ನಮಗೆ ಪರಕೀಯ ಅಲ್ಲ ಕಣ್ರೇ. ಬೆಂಗಳೂರು ಚಿಕ್ಕಪೇಟೆಯಲ್ಲಿ 1898ರಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರು ಮಾಡಿದ ತಿರುಮಲಾಚಾರ್ ಹಾಸನದ ಕಡೆಯವರು. ಅಯ್ಯಂಗಾರ್ ಬೇಕರಿ ಅಂತ ಊರೂರಲ್ಲಿ ಬೋರ್ಡ್ ಹಾಕ್ಕಂಡಿರೋರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳೋರು ಬೇಕಾದಷ್ಟು ಜನ. ಮಡಿ ಅಡುಗೆಯವರೇ ಒಲೆ ಬಿಟ್ಟು ಭಟ್ಟಿ ಹಿಡಿದ್ರಲ್ಲ, ನಾನು ಅಚ್ಚಿನ ಮಣೆಯಲ್ಲಿ ಬಿಸ್ಕತ್ತು ಒತ್ತಿದ್ರೆ ತಪ್ಪೇನು?

ಸಕ್ಕರೆ ಬದಲಿಗೆ ಹಾಕೋದಕ್ಕೂ ಒಂದು ಕತೆ ಇದೆ. 1879ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಫಾಲ್‌ಬರ್ಗ್ ಅನ್ನೋರು ಡಾಂಬರೆಣ್ಣೆಯಿಂದ ತೆಗೆದ ವಸ್ತುಗಳ ಮೇಲೆ ಪ್ರಯೋಗ ಮಾಡ್ತಿದ್ರು. ಕೈ ಸರಿಯಾಗಿ ತೊಳೀದೆ ಊಟಕ್ಕೆ ಕೂತ್ರಂತೆ, ಬ್ರೆಡ್ಡು ಸಿಹಿ ಹತ್ತಿತಂತೆ. ಅದೇ ಸ್ಯಾಕರಿನ್. ಮೊದಲ ಮಹಾಯುದ್ಧದಲ್ಲಿ ಸಕ್ಕರೆ ಸಿಗದೇ ಇದ್ದಾಗ ಯೂರೋಪಲ್ಲಿ ಅದರ ಬಳಕೆ ಜಾಸ್ತಿ ಆಯ್ತು. ಪರಾಗ್ವೆ ದೇಶದ ಮೂಲ ಜನ ಮಾತ್ರ ಅದಕ್ಕಿಂತ ಎಷ್ಟೋ ಮುಂಚಿಂದ ಸ್ಟೀವಿಯಾ ಸೊಪ್ಪನ್ನ ಸಿಹಿಗೆ ಬಳಸ್ತಿದ್ರು. ಅದರಿಂದ ತೆಗೆದ ಸಿಹಿಗೆ ನಮ್ಮ ದೇಶದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ತು.

ಮಗನ ಓದಿಗೆ ಅಂತ ಹಾಸನಕ್ಕೆ ಬಂದ ಮೇಲೆ ನಾನು ಓವನ್ ತಗಂಡೆ. ಮೊದಲ ಸಲ ಕಾಫಿಗೆ ಹಾಕೋ ಆಸ್ಪರ್ಟೇಮ್ ಮಾತ್ರೆ ಪುಡಿ ಮಾಡಿ ಹಾಕ್ದೆ. ಅದು ಬಿಸಿಗೆ ಸಿಹಿ ಕಳ್ಕಳ್ಳುತ್ತೆ ಅಂತ ಗೊತ್ತಿರಲಿಲ್ಲ, ಬಿಸ್ಕತ್ತು ಸಪ್ಪೆ. ಎರಡನೇ ಸಲ ಬೆಲ್ಲ, ರಾಗಿ ಹಿಟ್ಟು ಹಾಕ್ದೆ. ಬೆಲ್ಲ ಆದ್ರೆ ಪರವಾಗಿಲ್ಲ ಅಂತ ನಾವೆಲ್ಲ ಹೇಳ್ತೀವಲ್ಲ, ತಪ್ಪು ಕಣ್ರೇ. ಬೆಲ್ಲನೂ ರಕ್ತದ ಸಕ್ಕರೆ ಏರಿಸುತ್ತೆ, ಮೈದಾ, ರಾಗಿ ಹಿಟ್ಟೂ ಒಳಗೆ ಹೋಗಿ ಸಕ್ಕರೆನೇ ಆಗುತ್ತೆ. ಅದಕ್ಕೇ ಶುಗರ್ ಫ್ರೀ ಅಂತ ಬರೆದಿರೋ ಮೈದಾ ಬಿಸ್ಕತ್ತು ನಂಬ್ಕಂಡು ಕೂರಬೇಡಿ.

ಮೂರನೇ ಸಲ ಹದ ಸಿಕ್ತು. ಬಾದಾಮಿ ಹಿಟ್ಟು ಒಂದು ಬಟ್ಟಲು, ಕೊಬ್ಬರಿ ಪುಡಿ ಅರ್ಧ ಬಟ್ಟಲು, ಬೆಣ್ಣೆ ಮೂರು ಚಮಚ, ಎರಿಥ್ರಿಟಾಲ್ ಜೊತೆ ಸ್ಟೀವಿಯಾ ಬೆರೆಸಿದ ಪುಡಿ ಮೂರು ಚಮಚ, ಏಲಕ್ಕಿ, ಚಿಟಿಕೆ ಉಪ್ಪು. ತುಪ್ಪ ಸವರಿದ ಅಚ್ಚಿಗೆ ಒತ್ತಿ ತೆಗೆದು 160 ಡಿಗ್ರೀಲಿ ಹದಿನೈದು ನಿಮಿಷ ಬೇಯಿಸಿದೆ. ಸಕ್ಕರೆ ಇಲ್ಲದ್ದಕ್ಕೆ ಬಣ್ಣ ಅಷ್ಟು ಬರಲ್ಲ, ಅಂಚು ಕೆಂಪಾದ್ರೆ ಸಾಕು. ಬಿಸೀಲಿ ಮುಟ್ಟಿದ್ರೆ ಪುಡಿಪುಡಿ, ಪೂರ್ತಿ ಆರಿದ ಮೇಲೇ ಎತ್ತಿ.

ಹೋದ ಸಂಕ್ರಾಂತಿಗೆ ಅದನ್ನ ಹೊಳೆನರಸೀಪುರಕ್ಕೆ ತಗಂಡೋಗಿ ಅತ್ತೆ ಕೈಗೆ ಕೊಟ್ಟೆ. ಎಲ್ಲರ ಎದುರಿಗೇ ಕೊಟ್ಟೆ, ಅವತ್ತು ಗದರಿಸಿದ್ದೂ ಎಲ್ಲರ ಎದುರಿಗೇ ಅಲ್ವಾ. ಹಕ್ಕಿ ಬಿಸ್ಕತ್ತಿನ ರೆಕ್ಕೆ ಕಡಿದು, "ಸಿಹಿ ಐತೆ ಕಣೆ, ಬಾಯೆಲ್ಲ ತಣ್ಣಗಾಯ್ತದಲ್ಲ, ಪುದೀನ ಹಾಕಿದ್ಯಾ?" ಅಂದ್ರು. ಅದು ಎರಿಥ್ರಿಟಾಲ್ ಗುಣ. ಎರಡು ತಿಂದ್ರು. ಮೂರನೇದಕ್ಕೆ ಕೈ ಹಾಕಿ, ನನ್ನ ಮುಖ ನೋಡಿ, ತಾವೇ ತಟ್ಟೆ ಸರಿಸಿದ್ರು.

ನಿಮ್ಮನೇಲೂ ಹಬ್ಬದ ದಿನ ಎಲ್ರಿಗೂ ಬಡಿಸಿ ತಾವು ಸುಮ್ನೆ ಕೂರೋ ಹಿರೀರು ಇದ್ರೆ ಮಾಡಿ ನೋಡಿ. ದಿನಕ್ಕೆ ಒಂದೋ ಎರಡೋ ಸಾಕು, ಮಾತ್ರೆ ತಪ್ಪಿಸಬೇಡಿ. ಅವರು ತಿನ್ನೋವಾಗ ಪಕ್ಕದಲ್ಲಿ ನೀವೂ ಒಂದು ತಗಂಡು ಕೂತ್ಕಳಿ.